ಹದಿನೈದು ತಾಸಿನ ಅತಿಥಿ

2022ರ ಸಂಕ್ರಾಂತಿಯ ಹೊತ್ತಿಗೆ ರಾಜ್ಯ ಸರ್ಕಾರ ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳ ಅತಿಥಿ ಉಪನ್ಯಾಸಕರ ಗೌರವಧನವನ್ನು ಒಮ್ಮೆಲೇ ಎರಡು ಪಟ್ಟಿಗಿಂತ ಹೆಚ್ಚು ಮಾಡಿತು. ಯುಜಿಸಿ ಹೇಳುವ ಅರ್ಹತೆ ಇದ್ದು ತಿಂಗಳಿಗೆ 13,000 ರೂಪಾಯಿ ಪಡೆಯುತ್ತಿದ್ದವರಿಗೆ, ಸೇವೆ ಐದು ವರ್ಷ ದಾಟಿದ್ದರೆ 32,000, ದಾಟದಿದ್ದರೆ 30,000. ಆ ಅರ್ಹತೆ ಇಲ್ಲದೆ 11,000 ಪಡೆಯುತ್ತಿದ್ದವರಿಗೆ ಅದೇ ಲೆಕ್ಕದಲ್ಲಿ 28,000 ಮತ್ತು 26,000. ಹಬ್ಬದ ಕೊಡುಗೆ ಎಂದೇ ಅದು ಸುದ್ದಿಯಾಯಿತು. ಜೊತೆಗೆ ಇನ್ನೊಂದು ಮಾತೂ ಇತ್ತು: ವಾರಕ್ಕೆ ಎಂಟು-ಹತ್ತು ತಾಸು ಇದ್ದ ಕಾರ್ಯಭಾರ ಇನ್ನು ಮುಂದೆ ಹದಿನೈದು ತಾಸು.

ಈ ಎರಡು ಸಾಲುಗಳನ್ನು ಪಕ್ಕಪಕ್ಕ ಇಟ್ಟು ಒಂದು ಸಣ್ಣ ಲೆಕ್ಕ ಮಾಡಿ. ಯಾವುದೋ ತಾಲೂಕು ಊರಿನ ಕಾಲೇಜು, ಕನ್ನಡ ವಿಭಾಗ. ಖಾಯಂ ಅಧ್ಯಾಪಕರ ಪಾಲು ಕಳೆದು ವಾರಕ್ಕೆ ಮೂವತ್ತು ತಾಸು ಉಳಿದಿವೆ ಎಂದುಕೊಳ್ಳೋಣ. ಹತ್ತು ತಾಸಿನಂತೆ ಹಂಚಿದರೆ ಮೂವರು ಅತಿಥಿಗಳು, ಹದಿನೈದರಂತೆ ಹಂಚಿದರೆ ಇಬ್ಬರು. ಮೂರನೆಯವರನ್ನು ಯಾರೂ ವಜಾ ಮಾಡಲಿಲ್ಲ. ನೋಟಿಸ್ ಇಲ್ಲ, ವಿಚಾರಣೆ ಇಲ್ಲ, ಕಾರಣ ಹೇಳುವ ಒಂದು ಸಾಲೂ ಇಲ್ಲ. ಅವರಿಗೆ ಕೊಡಲು ತಾಸು ಉಳಿದಿಲ್ಲ, ಅಷ್ಟೇ. ಸರ್ಕಾರ ಹೆಚ್ಚು ಹಣ ಹಾಕಲಿಲ್ಲ ಎಂದು ನಾನು ಹೇಳುವುದಿಲ್ಲ. ಮೂವರಿಗೆ 39,000 ಹೋಗುತ್ತಿದ್ದ ಕಡೆ ಇಬ್ಬರಿಗೆ 64,000 ಹೋಯಿತು. ಆದರೆ ತಾಸಿನ ಲೆಕ್ಕ ಹಿಡಿದರೆ ಏರಿಕೆ ಎರಡು ಪಟ್ಟೂ ಅಲ್ಲ, ಒಂದೂವರೆ ಪಟ್ಟಿಗಿಂತ ತುಸು ಹೆಚ್ಚು. ಉಳಿದದ್ದು ಪಕ್ಕದ ಕುರ್ಚಿಯವರ ಪಾಲು.

ಆಗ ರಾಜ್ಯದಲ್ಲಿ ಸುಮಾರು 14,000 ಅತಿಥಿ ಉಪನ್ಯಾಸಕರಿದ್ದರು. ಆಗಿನ ಮುಖ್ಯಮಂತ್ರಿ ಬಸವರಾಜ ಬೊಮ್ಮಾಯಿ ಆಗ ನಮ್ಮ ಶಿಗ್ಗಾಂವಿ ಕ್ಷೇತ್ರದ ಶಾಸಕರಾಗಿದ್ದರು. ನಮ್ಮ ತಡಸ ಅದೇ ತಾಲೂಕಿನ ಊರು. ನನಗೆ ಬಿ.ಎ.ಯಲ್ಲಿ ಹಳಗನ್ನಡ ಕಲಿಸಿದ ಮೇಡಂ ಈ ಭಾಗದ ಒಂದು ಸರ್ಕಾರಿ ಕಾಲೇಜಿನಲ್ಲಿ ಅತಿಥಿಯಾಗಿ ಹನ್ನೊಂದು ವರ್ಷ ಪಾಠ ಮಾಡಿದವರು. ಅವರಿಗೆ ನೆಟ್ ಆಗಿರಲಿಲ್ಲ, ಕೆ-ಸೆಟ್ ಆಗಿರಲಿಲ್ಲ. ಪಂಪನ ಒಂದು ಪದ್ಯವನ್ನು ಬಿಡಿಸಿ ಹೇಳಲು ಅವರಿಗೆ ಎರಡು ಪೀರಿಯಡ್ ಬೇಕಾಗುತ್ತಿತ್ತು, ಆ ಎರಡು ಪೀರಿಯಡ್‌ನಿಂದಲೇ ನಾನು ಇವತ್ತು ಪಿಎಚ್.ಡಿ. ಮಾಡುತ್ತಿರುವುದು. 2022ರ ಲೆಕ್ಕದಲ್ಲಿ ಅವರು ಮೂರನೆಯವರಾದರು. ಸುದ್ದಿ ತಿಳಿದು ಮನೆಗೆ ಹೋದಾಗ ಚಹಾ ಕೊಟ್ಟು ಅವರು ಹೇಳಿದ್ದು ಇಷ್ಟು: "ನೋಡವಾ, ನಿಂದು ನೆಟ್ ಆಗೇತಿ. ಈ ಹೊಸಾ ಲೆಕ್ಕ ನಿನಗ ಚಲೋನ ಆಗತೈತಿ ಬಿಡು." ಮಾತಿನಲ್ಲಿ ಕೊಂಕಿರಲಿಲ್ಲ. ನಿಜವನ್ನೇ ಹೇಳಿದ್ದರು.

ದುಡಿಯುವವರನ್ನು ಕೇಳದೆ ದುಡಿಮೆಯ ಷರತ್ತು ಬದಲಾದಾಗ ಏನು ಮಾಡಬೇಕು ಎಂಬ ಪ್ರಶ್ನೆಗೆ ಖಾಸಗಿ ಕಂಪನಿಗಳ ಲೋಕದಲ್ಲಿ ಸಿದ್ಧ ಉತ್ತರವಿದೆ. ಒಪ್ಪಂದ ಓದಿ, ವಕೀಲರನ್ನು ಕೇಳಿ, ಚೌಕಾಶಿ ಮಾಡಿ, ಆಗದಿದ್ದರೆ ಬೇರೆ ಕೆಲಸ ಹುಡುಕಿ. ಒಬ್ಬೊಬ್ಬರೇ, ತಮ್ಮ ತಮ್ಮ ಪಾಡಿಗೆ. ಕಾಲೇಜಿನ ಸ್ಟಾಫ್ ರೂಮಿನಲ್ಲಿ ಆ ಉತ್ತರ ಕೆಲಸಕ್ಕೆ ಬಾರದು ಎಂಬುದು ನನ್ನ ವಾದ. ಏಕೆಂದರೆ ಇಲ್ಲಿ ಷರತ್ತು ಬದಲಾಗುವುದು ಏರಿಕೆಯ ವೇಷದಲ್ಲಿ, ಮತ್ತು ಆ ಏರಿಕೆಯನ್ನು ಒಬ್ಬೊಬ್ಬರೇ ಒಪ್ಪಿಕೊಂಡ ಕ್ಷಣದಲ್ಲೇ ಇನ್ನೊಬ್ಬರು ಹೊರಗೆ ಬಿದ್ದಿರುತ್ತಾರೆ. ಇನ್ನೊಂದು ಮಾತು ನಮ್ಮವರಿಗೇ ಹೇಳಬೇಕಾದದ್ದು. ಒಂದು ವಚನದ ಒಂದು ಶಬ್ದಕ್ಕೆ ನಾಲ್ಕು ಪಾಠಾಂತರ ಹುಡುಕುವ ನಾವು, ನಮ್ಮ ಹೊಟ್ಟೆಪಾಡನ್ನು ತೀರ್ಮಾನಿಸುವ ಎರಡು ಪುಟದ ಆದೇಶವನ್ನು ವಾಟ್ಸಾಪಿನಲ್ಲಿ ಮುಂದಕ್ಕೆ ತಳ್ಳುತ್ತೇವೆ, ಓದುವುದಿಲ್ಲ.

ಓದೋಣ. ಮೊದಲ ಶಬ್ದ 'ಅತಿಥಿ'. ತಿಥಿ ನೋಡದೆ ಬರುವವನು, ಹೇಳದೆ ಕೇಳದೆ ಬಂದು ಉಂಡು ಹೋಗುವವನು. ಹನ್ನೊಂದು ವರ್ಷ ದಿನಾ ಬೆಳಿಗ್ಗೆ ಒಂಬತ್ತೂವರೆಗೆ ಬಂದು ಹಾಜರಿ ಹಾಕುವವರನ್ನು ಅತಿಥಿ ಎಂದು ಕರೆಯುವ ಊರನ್ನು ಬೇರೆಲ್ಲೂ ಕಾಣೆ. ಈ ಹೆಸರು ಬರೀ ಸೌಜನ್ಯದಿಂದ ಬಂದದ್ದಲ್ಲ, ಅದಕ್ಕೊಂದು ಉಪಯೋಗವಿದೆ. ಅಧ್ಯಾಪಕರ ನೇಮಕ ಕುರಿತ ಯುಜಿಸಿಯ 2018ರ ನಿಯಮಾವಳಿ 'ಗುತ್ತಿಗೆ' ಅಧ್ಯಾಪಕರ ಬಗ್ಗೆ ಎರಡು ಸ್ಪಷ್ಟ ಮಾತು ಹೇಳುತ್ತದೆ. ಅವರ ಸಂಖ್ಯೆ ಒಟ್ಟು ಬೋಧಕ ಹುದ್ದೆಗಳ ಶೇಕಡಾ 10ನ್ನು ಮೀರಬಾರದು. ಅವರಿಗೆ ಕೊಡುವ ತಿಂಗಳ ಸಂಬಳ ಖಾಯಂ ಸಹಾಯಕ ಪ್ರಾಧ್ಯಾಪಕರ ಒಟ್ಟು ಸಂಬಳಕ್ಕಿಂತ ಕಡಿಮೆ ಇರಬಾರದು. 'ಅತಿಥಿ' ಎಂದುಬಿಟ್ಟರೆ ಈ ಎರಡೂ ಮಾತು ಅನ್ವಯಿಸುವುದಿಲ್ಲ. ಅತಿಥಿಗೆ ಬೇರೆಯದೇ ಮಾರ್ಗಸೂಚಿ. ಅದಾದರೂ 2019ರ ಜನವರಿಯಲ್ಲಿ ಒಂದು ಉಪನ್ಯಾಸಕ್ಕೆ 1,500 ರೂಪಾಯಿ, ತಿಂಗಳಿಗೆ ಗರಿಷ್ಠ 50,000 ಎಂದು ಹೇಳಿತ್ತು. ಅದೇ ಹೊತ್ತಿಗೆ ನಮ್ಮಲ್ಲಿ ತಿಂಗಳಿಗೆ 13,000 ನಡೆಯುತ್ತಿತ್ತು. ಅರ್ಹತೆಯ ವಿಷಯ ಬಂದಾಗ ಯುಜಿಸಿ ಹೇಳಿದ್ದೇ ವೇದವಾಕ್ಯ, ಹಣದ ವಿಷಯ ಬಂದಾಗ ಅದು ಬರೀ ಸಲಹೆ.

ಎರಡನೆಯ ಶಬ್ದ 'ಗೌರವಧನ'. ಸಂಬಳ ಕೇಳುವವನಿಗೆ ಹಕ್ಕಿದೆ, ಗೌರವ ಕೇಳಿ ಪಡೆಯುವಂಥದ್ದಲ್ಲ. ತಡವಾದರೆ ಬಡ್ಡಿ ಕೇಳುವ ಹಾಗಿಲ್ಲ, ಬೇಸಿಗೆ ರಜೆಯಲ್ಲಿ ಯಾಕೆ ಬರಲಿಲ್ಲ ಎನ್ನುವ ಹಾಗಿಲ್ಲ. ನಮ್ಮ ಅಂಗನವಾಡಿ ತಾಯಂದಿರಿಗೂ ಇದೇ ಶಬ್ದ, ಆಶಾ ಕಾರ್ಯಕರ್ತೆಯರಿಗೆ ಇದರ ತಂಗಿಯಾದ 'ಪ್ರೋತ್ಸಾಹಧನ'. 2022ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟು ಗುಜರಾತಿನ ಅಂಗನವಾಡಿ ನೌಕರರ ಪ್ರಕರಣದಲ್ಲಿ ಅವರಿಗೆ ಗ್ರಾಚ್ಯುಟಿ ಸಿಗಲೇಬೇಕು ಎಂದಿತು. ಗೌರವಧನ ಎಂದು ಹೆಸರಿಟ್ಟಿದ್ದೀರಿ ಎಂಬ ಕಾರಣಕ್ಕೆ ಅದು ವೇತನ ಆಗದೆ ಹೋಗುವುದಿಲ್ಲ ಎಂಬುದು ಆ ತೀರ್ಪಿನ ತಿರುಳು. ಒಂದು ಶಬ್ದದ ಅರ್ಥವನ್ನು ಬಿಡಿಸಿ ನೋಡುವ ಆ ಕೆಲಸವನ್ನು ಅಂಗನವಾಡಿಯ ಹೆಣ್ಣುಮಕ್ಕಳು ಮಾಡಿಸಿಕೊಂಡರು. ಶಬ್ದಾರ್ಥದ ಪಾಠ ಮಾಡುವ ನಾವಿನ್ನೂ ಮಾಡಿಸಿಕೊಂಡಿಲ್ಲ.

ಕಾನೂನಿನ ಕಡೆ ಸ್ವಲ್ಪ ಹೋಗಬೇಕು, ಬೇಸರಪಡಬೇಡಿ. 1947ರ ಕೈಗಾರಿಕಾ ವಿವಾದಗಳ ಕಾಯ್ದೆಯಲ್ಲಿ 9ಎ ಎಂಬ ಕಲಂ ಇತ್ತು. ಸಂಬಳ, ಕೆಲಸದ ತಾಸು, ರಜೆ, ಪಾಳಿ, ಇಂಥ ಷರತ್ತುಗಳನ್ನು ಬದಲಿಸಬೇಕಾದರೆ ಮಾಲೀಕರು ಕಾರ್ಮಿಕರಿಗೆ ಮೊದಲೇ ನೋಟಿಸ್ ಕೊಡಬೇಕು, ಕೊಟ್ಟು 21 ದಿನ ಕಾಯಬೇಕು. 2025ರ ನವೆಂಬರಿನಲ್ಲಿ ಜಾರಿಗೆ ಬಂದ ಕೈಗಾರಿಕಾ ಸಂಬಂಧಗಳ ಸಂಹಿತೆಯಲ್ಲೂ ಆ 21 ದಿನ ಉಳಿದುಕೊಂಡಿದೆ. 21 ದಿನ ದೊಡ್ಡ ಅವಧಿಯೇನಲ್ಲ, ಆದರೆ ಅಷ್ಟರಲ್ಲಿ ಒಂದು ಸಭೆ ಸೇರಬಹುದು, ಆಕ್ಷೇಪ ಬರೆಯಬಹುದು, ಮಾತುಕತೆಗೆ ಕರೆಯಬಹುದು. ಬೆಳಿಗ್ಗೆ ತಡಸದಿಂದ ಹುಬ್ಬಳ್ಳಿಗೆ ಹೋಗುವ ವಾಯವ್ಯ ಸಾರಿಗೆಯ ಬಸ್ಸಿನ ಚಾಲಕರು ಈ ಕಲಮಿನ ನೆರಳಿನಲ್ಲಿ ಬರುತ್ತಾರೆ. ಅದೇ ಬಸ್ಸಿನ ಮೂರನೇ ಸೀಟಿನಲ್ಲಿ ಟಿಪ್ಪಣಿ ಪುಸ್ತಕ ತೊಡೆಯ ಮೇಲಿಟ್ಟುಕೊಂಡು ಕೂತ ಅತಿಥಿ ಉಪನ್ಯಾಸಕರು ಬರುವುದಿಲ್ಲ. ಗೋವಾದ ಶಾಲೆಯೊಂದರ ಶಿಕ್ಷಕಿ ಸುಂದರಾಂಬಾಳ್ ಅವರ ಪ್ರಕರಣದಲ್ಲಿ 1988ರಲ್ಲೇ ಸುಪ್ರೀಂ ಕೋರ್ಟು ಹೇಳಿದೆ: ಶಿಕ್ಷಣ ಸಂಸ್ಥೆ 'ಉದ್ದಿಮೆ' ಆಗಿರಬಹುದು, ಆದರೆ ಪಾಠ ಮಾಡುವವರು ಆ ಕಾಯ್ದೆಯ ಅರ್ಥದಲ್ಲಿ 'ಕಾರ್ಮಿಕ' ಅಲ್ಲ. ಪಾಠ ಮಾಡುವುದು ಘನವಾದ ವೃತ್ತಿ, ಕೂಲಿಯ ಲೆಕ್ಕಕ್ಕೆ ಬರದು ಎಂಬ ಭಾವ ಅದರ ಹಿಂದಿತ್ತು. ಹೀಗೆ ಒಂದು ಕಡೆ ಘನತೆ, ಇನ್ನೊಂದು ಕಡೆ ಗೌರವ. ಎರಡರ ನಡುವೆ 21 ದಿನದ ನೋಟಿಸೂ ದಕ್ಕಲಿಲ್ಲ.

ನಮ್ಮ ಊರಿನ ಕಡೆ ಹೊಲವನ್ನು ಲಾವಣಿಗೆ ಹಾಕುವ ರೂಢಿಯಿದೆ. ಎಕರೆಗೆ ವರ್ಷಕ್ಕೆ ಇಷ್ಟು ಎಂದು ಯುಗಾದಿಯ ಹೊತ್ತಿಗೆ ಮಾತಾಗುತ್ತದೆ. ಇಬ್ಬರು ಹಿರಿಯರು ಕೂತಿರುತ್ತಾರೆ, ಎಲೆ-ಅಡಿಕೆ ಆಗುತ್ತದೆ, ಕಾಗದ ಇರುವುದಿಲ್ಲ. ಇರಲು ಸಾಧ್ಯವೂ ಇಲ್ಲ. ಸೈನಿಕರಂಥ ಕೆಲವರನ್ನು ಬಿಟ್ಟರೆ, 1974ರ ಭೂಸುಧಾರಣೆ ತಿದ್ದುಪಡಿಯ ನಂತರ ಸಾಗುವಳಿ ಭೂಮಿಯನ್ನು ಗೇಣಿಗೆ ಕೊಡುವುದೇ ನಿಷಿದ್ಧ. ಕಾನೂನಿನ ಕಣ್ಣಿಗೆ ಅದು ಒಪ್ಪಂದವೇ ಅಲ್ಲ. ಆದರೂ ಒಂದು ವರ್ಷ ಗೋವಿನಜೋಳಕ್ಕೆ ರೇಟು ಏರಿದಾಗ, ನಮ್ಮಪ್ಪ ಲಾವಣಿಗೆ ಹಿಡಿದಿದ್ದ ಹೊಲದ ಮಾಲೀಕರು ಕೊಯ್ಲಿನ ಹೊತ್ತಿಗೆ ಬಂದು ಇನ್ನಷ್ಟು ಸೇರಿಸಿ ಕೊಡು ಎಂದರು. ಮಾತಿಗೆ ಕೂತಿದ್ದ ಹಿರಿಯರೊಬ್ಬರು ಕಟ್ಟೆಯ ಮೇಲೆ ಎಲ್ಲರೆದುರು ಹೇಳಿದರು: "ಯುಗಾದಿಗೆ ಆಡಿದ ಮಾತು ಸುಗ್ಗಿಗೆ ಬದಲಾಗಂಗಿಲ್ಲ. ಬೇಕಾದ್ರ ಮುಂದಿನ ಯುಗಾದಿಗೆ ಕೇಳ್ರಿ." ಮಾಲೀಕರು ಸುಮ್ಮನೆ ಹೋದರು.

ಹಳ್ಳಿಯ ನ್ಯಾಯವನ್ನು ಹೊಗಳಲು ಇದನ್ನು ಹೇಳುತ್ತಿಲ್ಲ. ಅದೇ ಕಟ್ಟೆಯ ಮೇಲೆ ವರ್ಷದ ಆಳಿಗೆ ಎಷ್ಟು ಕೊಡಬೇಕು ಎಂದು ತೀರ್ಮಾನವಾಗುವಾಗ ಆಳನ್ನು ಕೆಳಗೆ ನಿಲ್ಲಿಸುವುದನ್ನೂ ನೋಡಿದ್ದೇನೆ. ಅಷ್ಟೇ ಅಲ್ಲ, ಮುಂದಿನ ಯುಗಾದಿಗೆ ಆ ಹೊಲ ಅಪ್ಪನ ಕೈ ತಪ್ಪಿತು. ಆದರೆ ಗಮನಿಸಬೇಕಾದದ್ದು ಏನೆಂದರೆ, ಮಾತು ಮುರಿಯುವವರಿಗೆ ಯುಗಾದಿಯ ತನಕ ಕಾಯಬೇಕಾಯಿತು, ಮತ್ತು ಸಾಕ್ಷಿಗೆ ಇಬ್ಬರಿದ್ದರು. ಅತಿಥಿ ಉಪನ್ಯಾಸಕರಿಗೆ ಪ್ರತಿ ಶೈಕ್ಷಣಿಕ ವರ್ಷವೂ ಹೊಸ ಯುಗಾದಿ. ಪರೀಕ್ಷೆ ಮುಗಿದ ಕೂಡಲೇ ಬಿಡುಗಡೆ, ಕಾಲೇಜು ತೆರೆದಾಗ ಹೊಸ ಅರ್ಜಿ, ಹೊಸ ಕೌನ್ಸೆಲಿಂಗ್, ಹೊಸ ಷರತ್ತು. ಹಾಗಾಗಿ ಸರ್ಕಾರ ಯಾವತ್ತೂ ಯಾವ ಒಪ್ಪಂದವನ್ನೂ 'ಬದಲಿಸಿಲ್ಲ'. ಹಳೆಯದು ಮುಗಿದಿತ್ತು, ಇದು ಬೇರೆಯದು. ಹನ್ನೊಂದು ವರ್ಷದ ಕೆಲಸವನ್ನು ಹನ್ನೊಂದು ಬಿಡಿ ತುಂಡು ಮಾಡಿಟ್ಟರೆ ಯಾವ ತುಂಡಿಗೂ ಹಕ್ಕು ಅಂಟುವುದಿಲ್ಲ. ಇದು ಯಾರೋ ಮರೆತು ಬಿಟ್ಟ ಲೋಪ ಎಂದು ನಂಬುವಷ್ಟು ಮುಗ್ಧತೆ ನನಗಿಲ್ಲ.

ನಾನೂ ಒಂದು ವರ್ಷ ಒಂದು ಖಾಸಗಿ ಕಾಲೇಜಿನಲ್ಲಿ ಅತಿಥಿಯಾಗಿದ್ದೆ. ಹೆಸರು ಬೇಡ, ಅಂಥವು ನಮ್ಮ ಭಾಗದಲ್ಲಿ ಬೇಕಾದಷ್ಟಿವೆ. ಜೂನ್‌ನಲ್ಲಿ ತಾಸಿಗೆ ಇಷ್ಟು ಎಂದು ಮಾತಾಗಿತ್ತು. ಅಕ್ಟೋಬರಿನಲ್ಲಿ ಕಚೇರಿಯ ಗುಮಾಸ್ತರು ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತು, ಈ ತಿಂಗಳಿಂದ ತಾಸಿನ ಲೆಕ್ಕ ಇಲ್ಲ, ತಿಂಗಳಿಗೆ ಇಡಿಯಾಗಿ ಇಷ್ಟು ಎಂದರು. ಪಾಠದ ಜೊತೆಗೆ ನ್ಯಾಕ್ ಕಡತಗಳ ಕೆಲಸ ಸೇರಿತ್ತು. ಕೂಡಿಸಿ ಕಳೆದರೆ ಸುಮಾರು ಮೂರನೆಯ ಒಂದು ಭಾಗ ಕಡಿತ. ನಾವು ಐವರು ಅತಿಥಿಗಳಿದ್ದೆವು. ಮೊದಲ ದಿನ ಎಲ್ಲರೂ ಒಂದೇ ಮಾತು: "ಏನ್ ಮಾಡೋದ್ರೀ, ಬಿಟ್ಟು ಹೋಗಾಕ ಆಗತೈತೇನು?" ಎರಡನೆಯ ದಿನ ಕ್ಯಾಂಟೀನಿನಲ್ಲಿ ಕೂತು ಅರ್ಧ ಪುಟದ ಪತ್ರ ಬರೆದೆವು. ಅದರಲ್ಲಿ ಘೋಷಣೆ ಇರಲಿಲ್ಲ, ವಿನಂತಿಯೂ ಇರಲಿಲ್ಲ. ಜೂನ್‌ನಲ್ಲಿ ಆದ ಮಾತು ಇದು. ಇಂಥ ದಿನ ಇಂಥವರು ಬಾಯಿಮಾತಿನಲ್ಲಿ ತಿಳಿಸಿದ ಬದಲಾವಣೆ ಇದು. ಇದನ್ನು ನಾವು ಒಪ್ಪಿಲ್ಲ. ಸೆಮಿಸ್ಟರ್ ಮುಗಿಯುವವರೆಗೆ ಹಳೆಯ ಲೆಕ್ಕದಲ್ಲಿ ಪಾಠ ಮುಂದುವರಿಸುತ್ತೇವೆ. ಬದಲಾವಣೆ ಬೇಕಿದ್ದರೆ ದಯವಿಟ್ಟು ಬರಹದಲ್ಲಿ ಕೊಟ್ಟು ಐವರನ್ನೂ ಒಟ್ಟಿಗೆ ಕರೆದು ಮಾತಾಡಿ.

ಐವರಲ್ಲಿ ಮೂವರು ಸಹಿ ಹಾಕಿದೆವು. ಪತ್ರವನ್ನು ಕೈಯಲ್ಲಿ ಕೊಡದೆ ಕಚೇರಿಯ ಆವಕ ಪುಸ್ತಕದಲ್ಲಿ ನಮೂದು ಮಾಡಿಸಿ, ನಮ್ಮ ಪ್ರತಿಗೆ ಮುದ್ರೆ ಹಾಕಿಸಿಕೊಂಡೆವು. ಆ ಗುಮಾಸ್ತರೇ, "ಹಿಂಗ ಮಾಡಿದ್ರ ಚಲೋ" ಎಂದು ತೋರಿಸಿಕೊಟ್ಟರು ಎನ್ನುವುದನ್ನು ಹೇಳಲೇಬೇಕು. ಅವರೂ ಹೊರಗುತ್ತಿಗೆಯವರು. ಉತ್ತರ ಬರಲಿಲ್ಲ. ಆದರೆ ಆ ಸೆಮಿಸ್ಟರಿನ ಹಣ ಹಳೆಯ ಲೆಕ್ಕದಲ್ಲೇ ಐವರಿಗೂ ಬಂತು, ಸಹಿ ಹಾಕದವರಿಗೂ. ಮುಂದಿನ ಜೂನ್‌ನಲ್ಲಿ ಮೂವರಿಗೂ ಕರೆ ಬರಲಿಲ್ಲ.

ಇದನ್ನು ಕೇಳಿದ ಕೂಡಲೇ ಕೆಲವರು ನೋಡಿದಿರಾ ಎನ್ನುತ್ತಾರೆ. ಏನು ನೋಡಬೇಕು? ಸುಮ್ಮನಿದ್ದ ಇಬ್ಬರಿಗೆ ಅದೇ ಜೂನ್‌ನಲ್ಲಿ ಇಡಿಗಂಟಿನ ಲೆಕ್ಕ ಬಂತು, ಅದರ ಮುಂದಿನ ವರ್ಷ ಅವರಲ್ಲೊಬ್ಬರ ವಿಷಯಕ್ಕೆ ವಿದ್ಯಾರ್ಥಿಗಳೇ ಸೇರಲಿಲ್ಲ ಎಂದು ಹೊರಗೆ ಹಾಕಿದರು. ಸುಮ್ಮನಿದ್ದರೆ ಉಳಿಯುತ್ತೇವೆ ಎಂಬ ನಂಬಿಕೆಗೆ ಪುರಾವೆ ಎಲ್ಲಿದೆ? ಪತ್ರ ಬರೆದ ನಮ್ಮ ಕೈಯಲ್ಲಿ ಕನಿಷ್ಠ ಒಂದು ಸೆಮಿಸ್ಟರಿನ ದುಡಿಮೆಯ ಪೂರ್ತಿ ಹಣ ಇತ್ತು, ಮುದ್ರೆ ಇದ್ದ ಒಂದು ಹಾಳೆ ಇತ್ತು. ಸಹಿ ಹಾಕದ ಇಬ್ಬರ ಮೇಲೆ ನನಗೆ ಸಿಟ್ಟಿಲ್ಲ. ಒಬ್ಬರ ಮನೆಯಲ್ಲಿ ಡಯಾಲಿಸಿಸ್ ನಡೆಯುತ್ತಿತ್ತು.

ನನಗೆ ಸಿಟ್ಟು ಇರುವುದು ಬೇರೆಯವರ ಮೇಲೆ. ಖಾಯಂ ಹುದ್ದೆಯಲ್ಲಿ ಕೂತು, ಸಂಜೆ ಸಭೆಯಲ್ಲಿ ಬಂಡಾಯದ ಬಗ್ಗೆ ಮಾತಾಡಿ, ಬೆಳಿಗ್ಗೆ ಅತಿಥಿಗಳಿಗೆ 'ಕಾಯಕ'ದ ಉಪದೇಶ ಮಾಡುವ ಹಿರಿಯರ ಮೇಲೆ. ಪಾಠವನ್ನು ಸೇವೆಯೆಂದು ತಿಳಿಯಬೇಕು, ಸಾಹಿತ್ಯದವರು ತಾಸು-ರೂಪಾಯಿ ಲೆಕ್ಕ ಹಾಕಬಾರದು, ಶರಣರು ಏನು ಹೇಳಿದ್ದಾರೆ ನೋಡಿ ಎನ್ನುತ್ತಾರೆ. ನೋಡೋಣ. ಆಯ್ದಕ್ಕಿ ಲಕ್ಕಮ್ಮನ ಕಥೆ ನಮ್ಮೆಲ್ಲರಿಗೂ ಗೊತ್ತು. ಮಾರಯ್ಯ ಅಂಗಳದಲ್ಲಿ ಚೆಲ್ಲಿದ ಅಕ್ಕಿ ಆಯ್ದು ತರುವ ಕಾಯಕದವನು. ಒಂದು ದಿನ ಎಂದಿಗಿಂತ ಹೆಚ್ಚು ತಂದ. ಲಕ್ಕಮ್ಮ ಖುಷಿಪಡಲಿಲ್ಲ. ಹೆಚ್ಚಿನದನ್ನು ತಂದಲ್ಲಿಗೇ ಹಾಕಿ ಬಾ ಎಂದು ಗಂಡನನ್ನು ವಾಪಸು ಕಳಿಸಿದಳು. ಈ ಕಥೆಯನ್ನು ನಮಗೆ ಆಸೆ ಬೇಡ, ಇದ್ದದ್ದರಲ್ಲಿ ತೃಪ್ತಿಪಡಿ ಎಂದು ಓದಿಸುತ್ತಾರೆ. ನನಗೆ ಹಾಗೆ ಕಾಣುವುದಿಲ್ಲ. ಲಕ್ಕಮ್ಮ ಲೆಕ್ಕ ಹಾಕಿದವಳು. ಅಳತೆ ಗೊತ್ತಿದ್ದವಳು, ಅಳತೆ ಬದಲಾದ ಕ್ಷಣವೇ ಕಂಡುಹಿಡಿದವಳು, ಕಂಡದ್ದನ್ನು ಬಾಯಿಬಿಟ್ಟು ಹೇಳಿದವಳು. 13,000 ಇದ್ದದ್ದು ಒಂದು ದಿನ 32,000 ಆಗಿ ಮನೆಗೆ ಬಂದಾಗ ಕೇಳಬೇಕಾದದ್ದು ಅವಳ ಪ್ರಶ್ನೆಯೇ: ಈ ಹೆಚ್ಚಿನ ಸೇರು ಯಾರ ಅಂಗಳದ್ದು?

ತಪ್ಪು ತಿಳಿಯಬೇಡಿ, ಹಣ ವಾಪಸು ಕೊಡಿ ಎನ್ನುತ್ತಿಲ್ಲ. 32,000 ಕೂಡ ಒಬ್ಬ ಅಧ್ಯಾಪಕರಿಗೆ ಕಡಿಮೆಯೇ. ನಾನು ಹೇಳುತ್ತಿರುವುದು ಹಣ ಮತ್ತು ತಾಸು ಎರಡನ್ನೂ ಒಂದೇ ಹಗ್ಗದಲ್ಲಿ ಕಟ್ಟಿ ಕೊಟ್ಟಾಗ ಹಗ್ಗ ಬಿಚ್ಚುವ ಕೆಲಸ ನಮ್ಮದು ಎಂದು. ಏರಿಕೆಗೆ ಒಪ್ಪಿಗೆ, ಹದಿನೈದು ತಾಸಿಗೆ ಆಕ್ಷೇಪ, ಇದ್ದ ತಾಸುಗಳನ್ನು ಇದ್ದವರಿಗೇ ಹಂಚಿ. ಈ ಮೂರು ಮಾತನ್ನು ಒಂದು ಕಾಲೇಜಿನ ಇಬ್ಬರು ಉಳಿದವರು, ಹೊರಗೆ ಬಿದ್ದ ಮೂರನೆಯವರ ಜೊತೆ ಸೇರಿ ಬರೆದುಕೊಟ್ಟಿದ್ದರೆ ಆದೇಶ ಬದಲಾಗುತ್ತಿತ್ತೋ ಇಲ್ಲವೋ. ಆದರೆ ಕೊಡುಗೆ ಎಂಬ ಹೆಸರು ಉಳಿಯುತ್ತಿರಲಿಲ್ಲ. ಬೀದಿಗಿಳಿದ ಸಂಘಟನೆಯವರು ಸೇವಾ ಭದ್ರತೆ ಕೇಳಿದರು, ಅವರ ಬಗ್ಗೆ ನನಗೆ ಗೌರವವಿದೆ. ಆದರೆ ಒಳಗೆ ಉಳಿದವರಲ್ಲಿ ಬಹಳ ಜನ ಅಷ್ಟರಲ್ಲಿ ಹೊಸ ಟೈಮ್ ಟೇಬಲ್ ಬರೆದುಕೊಳ್ಳುತ್ತಿದ್ದರು.

2023ರ ಕೊನೆಯಲ್ಲಿ ಅತಿಥಿ ಉಪನ್ಯಾಸಕರು ತರಗತಿ ಬಹಿಷ್ಕರಿಸಿ ಖಾಯಂ ಮಾಡಿ ಎಂದು ಕೂತರು. 2024ರ ಹೊಸ ವರ್ಷಕ್ಕೆ ತುಮಕೂರಿನಿಂದ ಬೆಂಗಳೂರಿಗೆ ನಡೆದುಕೊಂಡು ಹೊರಟರು. ಅಷ್ಟರಲ್ಲಿ ಸರ್ಕಾರ ಬದಲಾಗಿತ್ತು, ಉತ್ತರದ ಧಾಟಿ ಬದಲಾಗಿರಲಿಲ್ಲ: ಸೇವೆಯ ವರ್ಷ ನೋಡಿ ಗೌರವಧನ ಏರಿಕೆ, ಆರೋಗ್ಯ ವಿಮೆ, ಅರವತ್ತು ವಯಸ್ಸಾದವರಿಗೆ ಇಡಿಗಂಟು. ಬೇಡವೆನ್ನುವಂಥ ಸಂಗತಿಗಳಲ್ಲ. ಆದರೆ ಕೇಳಿದ್ದು ಖಾಯಮಾತಿ. ಆ ಮೇಲೆ ಯುಜಿಸಿ ಅರ್ಹತೆಯ ಪ್ರಶ್ನೆ ಮುಂದೆ ಬಂತು. ಹತ್ತು-ಹದಿನೈದು ವರ್ಷ ಪಾಠ ಮಾಡಿಸಿಕೊಂಡ ಮೇಲೆ, ನಿಮಗೆ ಪಾಠ ಮಾಡುವ ಅರ್ಹತೆಯೇ ಇಲ್ಲ ಎಂದು ಹೇಳುವುದು. ಅರ್ಹತೆ ಬೇಡವೆಂದು ನಾನು ವಾದಿಸಲಾರೆ, ನಾನೇ ಅದಕ್ಕಾಗಿ ವರ್ಷಗಟ್ಟಲೆ ಓದಿದವಳು. ಆದರೆ ಅರ್ಹತೆ ಇಲ್ಲದವರಿಂದ ಅಗ್ಗದಲ್ಲಿ ದುಡಿಸಿಕೊಂಡದ್ದು ಯಾರು? ಆ ವರ್ಷಗಳಲ್ಲಿ ಅವರಿಗೆ ಪಿಎಚ್.ಡಿ. ಮಾಡಲು ಒಂದು ದಿನದ ಸಂಬಳಸಹಿತ ರಜೆ ಕೊಟ್ಟವರು ಯಾರು?

ಕೋರ್ಟಿಗೆ ಹೋಗಿ ಎನ್ನುವವರೂ ಇದ್ದಾರೆ. ಹೋಗಬೇಕು, ಆದರೆ ಏನು ಸಿಗುತ್ತದೆ ಎಂದು ತಿಳಿದು ಹೋಗಬೇಕು. 1986ರಲ್ಲಿ ಬ್ರೋಜೋನಾಥ್ ಗಂಗೂಲಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟು, ಚೌಕಾಶಿ ಮಾಡುವ ಶಕ್ತಿಯೇ ಇಲ್ಲದ ನೌಕರನಿಂದ ಸಹಿ ಹಾಕಿಸಿಕೊಂಡ ಅನ್ಯಾಯದ ಷರತ್ತು ನಿಲ್ಲುವುದಿಲ್ಲ ಎಂದಿತು. ಸಹಿ ಹಾಕಿದ್ದೀಯಲ್ಲ ಎಂಬ ಮಾತೇ ಕೊನೆಯದಲ್ಲ ಎಂದು ಅದರರ್ಥ. ಇಪ್ಪತ್ತು ವರ್ಷದ ನಂತರ, 2006ರಲ್ಲಿ, ನಮ್ಮದೇ ರಾಜ್ಯದ ವಾಣಿಜ್ಯ ತೆರಿಗೆ ಇಲಾಖೆಯ ದಿನಗೂಲಿಗಳ ಉಮಾದೇವಿ ಪ್ರಕರಣ ಬಂತು. ತಾತ್ಕಾಲಿಕವಾಗಿ ಬಂದವರಿಗೆ ಖಾಯಂ ಆಗುವ ಹಕ್ಕಿಲ್ಲ ಎಂದಿತು ಕೋರ್ಟು. ಅಂದಿನಿಂದ ಯಾವ ಇಲಾಖೆಯ ಬಾಗಿಲು ತಟ್ಟಿದರೂ ಒಳಗಿನಿಂದ ಕೇಳುವುದು ಉಮಾದೇವಿ ಹೆಸರೇ. 2024ರ ಡಿಸೆಂಬರಿನಲ್ಲಿ ಜಗ್ಗೋ ಎಂಬ ಕಸಗುಡಿಸುವ ಹೆಣ್ಣುಮಗಳ ಪ್ರಕರಣದಲ್ಲಿ ಅದೇ ಕೋರ್ಟು, ಉಮಾದೇವಿ ತೀರ್ಪನ್ನು ಸರ್ಕಾರಗಳು ಗುರಾಣಿ ಮಾಡಿಕೊಂಡಿವೆ ಎಂದು ಬೇಸರಪಟ್ಟಿತು. ದಶಕಗಳ ಕಾಲ ಖಾಯಂ ಸ್ವರೂಪದ ಕೆಲಸ ಮಾಡಿಸಿ ತಾತ್ಕಾಲಿಕ ಎನ್ನುವುದು ಸಲ್ಲದು ಎಂದಿತು. 2025ರ ಆಗಸ್ಟಿನಲ್ಲಿ ಗುಜರಾತಿನ ಗುತ್ತಿಗೆ ಸಹಾಯಕ ಪ್ರಾಧ್ಯಾಪಕರು, ತಿಂಗಳಿಗೆ 30,000 ಪಡೆಯುತ್ತಿದ್ದವರು, ಆ ಹುದ್ದೆಯ ಕನಿಷ್ಠ ವೇತನ ಶ್ರೇಣಿಗೆ ಅರ್ಹರು ಎಂಬ ತೀರ್ಪು ಪಡೆದರು.

ಇವರೆಲ್ಲ ಗೆದ್ದದ್ದು ಬರೀ ನ್ಯಾಯ ಅವರ ಕಡೆ ಇತ್ತು ಎಂದಲ್ಲ. ಎಷ್ಟು ವರ್ಷ, ಎಷ್ಟು ಹೊತ್ತು, ಯಾವ ಕೆಲಸ ಎಂದು ತೋರಿಸಲು ಅವರ ಕೈಯಲ್ಲಿ ಕಾಗದ ಇತ್ತು. ನಮ್ಮ ಮೇಡಂ ಹತ್ತಿರ ಹನ್ನೊಂದು ವರ್ಷದಲ್ಲಿ ನಾಲ್ಕೇ ವರ್ಷದ ಆದೇಶ ಪ್ರತಿಗಳಿವೆ. ಉಳಿದ ವರ್ಷಗಳಲ್ಲಿ ಕೊಟ್ಟೇ ಇರಲಿಲ್ಲ, ಇವರೂ ಕೇಳಿರಲಿಲ್ಲ. ಕೇಳಿದರೆ ಪ್ರಾಚಾರ್ಯರು ಏನಂದುಕೊಂಡಾರು ಎಂಬ ದಾಕ್ಷಿಣ್ಯ. ಅತಿಥಿ ಎಂಬ ಶಬ್ದ ಮಾಡುವ ಕೆಲಸ ಇದೇ. ಕರೆದವರ ಮನೆಯಲ್ಲಿ ಲೆಕ್ಕ ಕೇಳಲು ನಾಚಿಕೆಯಾಗುವಂತೆ ಮಾಡುತ್ತದೆ.

ನಮ್ಮ ವಿಭಾಗದಲ್ಲಿ ನಾವು ಏಳು ಜನ ಸಂಶೋಧನಾ ವಿದ್ಯಾರ್ಥಿಗಳಿದ್ದೇವೆ. ಎಲ್ಲರಿಗೂ ನೆಟ್ ಅಥವಾ ಕೆ-ಸೆಟ್ ಆಗಿದೆ. ಫೆಲೋಶಿಪ್ ಮುಗಿಯುತ್ತ ಬಂದಿದೆ, ಬರುವ ಕೌನ್ಸೆಲಿಂಗ್‌ಗೆ ಎಲ್ಲರೂ ಅರ್ಜಿ ಹಾಕುವವರೇ. ಈಗಿನ ಅಳತೆಯಲ್ಲಿ ನಾವು ಪಟ್ಟಿಯ ಮೇಲಿರುತ್ತೇವೆ, ನಮಗೆ ಕಲಿಸಿದವರು ಕೆಳಗಿರುತ್ತಾರೆ ಅಥವಾ ಇರುವುದೇ ಇಲ್ಲ. ಹೋದ ತಿಂಗಳು ಕೂತು ಮಾತಾಡಿ ಒಂದು ತೀರ್ಮಾನದ ಕರಡು ಬರೆದೆವು. ಯಾರಿಗೆ ಯಾವ ಕಾಲೇಜು ಸಿಕ್ಕರೂ ಕೆಲಸಕ್ಕೆ ಹಾಜರಾಗುವ ದಿನ ಮೂರು ಕಾಗದ ಬರಹದಲ್ಲಿ ಕೇಳಬೇಕು: ಆದೇಶದ ಪ್ರತಿ, ವಿಭಾಗದ ಪೂರ್ತಿ ಕಾರ್ಯಭಾರದ ಪಟ್ಟಿ, ಹಿಂದಿನ ವರ್ಷ ಅಲ್ಲಿ ಯಾರು ಎಷ್ಟು ತಾಸು ಪಾಠ ಮಾಡಿದ್ದರು ಎಂಬ ವಿವರ. ಯಾರದಾದರೂ ತಾಸು ನಮ್ಮ ತಟ್ಟೆಗೆ ಬಂದಿದೆ ಎಂದು ಕಂಡರೆ ಹದಿನೈದರ ಬದಲು ಹತ್ತು ತಾಸು ಕೊಡಿ, ಉಳಿದದ್ದನ್ನು ಅವರಿಗೆ ಕೊಡಿ ಎಂದು ಅವರನ್ನೂ ಜೊತೆಗಿಟ್ಟುಕೊಂಡು ಬರೆದುಕೊಡಬೇಕು. ಷರತ್ತು ನಡುವೆ ಬದಲಾದರೆ 'ಆಕ್ಷೇಪಣೆಗೆ ಒಳಪಟ್ಟು' ಎಂದು ಬರೆದೇ ಸಹಿ ಹಾಕಬೇಕು.

ಐವರು ಒಪ್ಪಿದ್ದಾರೆ. ಒಬ್ಬ ಗೆಳೆಯ ಯೋಚಿಸಿ ಹೇಳುತ್ತೇನೆ ಎಂದಿದ್ದಾನೆ. ಹಿರೇಕೆರೂರು ಕಡೆಯ ಗೆಳತಿ ಮಾತ್ರ ನೇರವಾಗಿ ಕೇಳಿದಳು: "ಹತ್ತು ತಾಸಿಗೆ ರೊಕ್ಕ ಕಡಿಮಿ ಕೊಟ್ರ ನಮ್ಮನಿ ಸಾಲದ ಕಂತು ನೀ ಕಟ್ಟತೀಯೇನು?" ಅವಳಿಗೆ ಕೊಡಲು ನನ್ನಲ್ಲಿ ಉತ್ತರ ಇರಲಿಲ್ಲ. ಕರಡಿನಲ್ಲಿ ಅವಳ ಪ್ರಶ್ನೆಯನ್ನೂ ಒಂದು ಸಾಲಾಗಿ ಬರೆದಿಟ್ಟಿದ್ದೇವೆ. ಬರುವ ಭಾನುವಾರ ಮತ್ತೆ ಕೂಡುತ್ತಿದ್ದೇವೆ, ಈ ಸಲ ಮೇಡಂ ಕೂಡ ಬರುತ್ತೇನೆ ಎಂದಿದ್ದಾರೆ. ಆ ನಾಲ್ಕು ಆದೇಶ ಪ್ರತಿಗಳನ್ನು ತರಲು ಹೇಳಿದ್ದೇನೆ.